ಎಣಿಸಿ, ಹೋಲಿಸಿ, ಹೆಸರು ಆಮೇಲೆ: ಆರರಿಂದ ಎಂಟನೇ ತರಗತಿಗೆ ಜೀವವೈವಿಧ್ಯದ ಚಟುವಟಿಕೆಗಳು

ಐದು ವನ್ಯಜೀವಿಗಳ ಹೆಸರು ಬರೆಯಿರಿ ಎಂದರೆ ಮಕ್ಕಳ ಹಾಳೆಯಲ್ಲಿ ಹುಲಿ, ಸಿಂಹ, ಆನೆ, ಜಿಂಕೆ, ಕರಡಿ ಸಾಲಾಗಿ ಬಂದು ನಿಲ್ಲುತ್ತವೆ. ಇರುವೆ ಬರೆಯುವವರು ಅಪರೂಪ, ಹುಲ್ಲು ಬರೆಯುವವರು ಇನ್ನೂ ಅಪರೂಪ. ದೊಡ್ಡ ಪ್ರಾಣಿಗಳ ಚಿತ್ರಪಟ ತೋರಿಸಿ ಪಾಠ ಶುರು ಮಾಡಿದರೆ ಈ ಕಲ್ಪನೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ವೈವಿಧ್ಯ ಎಂದರೆ ಎಣಿಸಬಹುದಾದ, ಅಳೆಯಬಹುದಾದ ಸಂಗತಿ ಎಂದು ಮಗುವಿಗೆ ಅನ್ನಿಸಬೇಕಾದರೆ ಅದರ ಕೈಯಲ್ಲೇ ಎಣಿಸಬೇಕು. ಅದೂ ಒಂದೇ ಜಾಗದಲ್ಲಲ್ಲ, ಎರಡು ಜಾಗಗಳಲ್ಲಿ. 'ನಮ್ಮ ಅಂಗಳದಲ್ಲಿ 14 ಬಗೆಯ ಗಿಡ ಸಿಕ್ಕವು' ಎನ್ನುವುದರಿಂದ ಏನೂ ತಿಳಿಯುವುದಿಲ್ಲ. 'ತುಳಿದು ಸವೆದ ಕಡೆ 4, ಬೇಲಿಯ ಬುಡದಲ್ಲಿ 14' ಎಂದಾಗ ಏಕೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಕೆಳಗಿನ ಚಟುವಟಿಕೆಗಳನ್ನು ಇದೇ ಕ್ರಮದಲ್ಲಿ ಮಾಡಿಸಿದರೆ ಆರೇಳು ಪೀರಿಯಡ್ ಬೇಕು. ಅಷ್ಟು ಸಮಯ ಇಲ್ಲದಿದ್ದರೆ ಮೊದಲ ಎರಡನ್ನು ಬಿಡದೆ ಮಾಡಿಸಿ, ಉಳಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಹೊರಗೆ ಹೋಗುವ ಮೊದಲು

ನಾಲ್ವರ ಗುಂಪು ಸಾಕು. ಐದನೆಯವರು ಸೇರಿದರೆ ಒಬ್ಬರು ಸುಮ್ಮನೆ ನಿಂತಿರುತ್ತಾರೆ. ಒಬ್ಬರು ಎಣಿಸುವವರು, ಒಬ್ಬರು ಬರೆಯುವವರು, ಒಬ್ಬರು ಚಿತ್ರ ಬಿಡಿಸುವವರು, ಒಬ್ಬರು ಅಳತೆ ಮತ್ತು ಸಮಯ ನೋಡಿಕೊಳ್ಳುವವರು. ಎಣಿಸುವ ಚೌಕ ಬದಲಾದಾಗಲೆಲ್ಲ ಕೆಲಸವೂ ಬದಲಾಗಲಿ. 40 ನಿಮಿಷದ ಪೀರಿಯಡ್‌ನಲ್ಲಿ ಹೊರಗಿನ ಕೆಲಸಕ್ಕೆ ನಿಜವಾಗಿ ಸಿಗುವುದು 20 ನಿಮಿಷ. ಉಳಿದದ್ದು ಸೂಚನೆ, ಓಡಾಟ, ಕೈ ತೊಳೆಯುವುದರಲ್ಲಿ ಮುಗಿಯುತ್ತದೆ. ಸೂಚನೆಗಳನ್ನು ತರಗತಿಯ ಒಳಗೇ ಕೊಟ್ಟುಬಿಡಿ. ಬಯಲಿಗೆ ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಜೇನ್ನೊಣ, ಕಣಜದ ಕಡಿತ ಯಾರಿಗಾದರೂ ಅಲರ್ಜಿಯೇ ಎಂದು ಮೊದಲೇ ಕೇಳಿಕೊಳ್ಳಿ. ಕಲ್ಲು, ಮರದ ತುಂಡುಗಳನ್ನು ಬರಿಗೈಯಲ್ಲಿ ಎತ್ತಿಸಬೇಡಿ. ಕೋಲಿನಿಂದ ಆಚೆಯ ಅಂಚನ್ನು ತಮ್ಮ ಕಡೆಗೆ ಎತ್ತಲಿ. ಆಗ ತೆರೆಯುವ ಸಂದಿ ಮಕ್ಕಳಿಗೆ ಎದುರಾಗಿರುವುದಿಲ್ಲ, ಒಳಗಿರುವ ಜೀವಿ ಆಚೆಗೆ ಓಡುತ್ತದೆ. ನೋಡಿಯಾದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಮೆಲ್ಲಗೆ ಇಡಬೇಕು. ಮಗುಚಿ ಬಿಟ್ಟ ಕಲ್ಲಿನ ಅಡಿಯ ತೇವ ಆರಿಹೋದರೆ ಅಲ್ಲಿದ್ದ ಜೀವಿಗಳು ಉಳಿಯುವುದಿಲ್ಲ.

ಒಂದು ಮೀಟರ್ ಚೌಕದೊಳಗೆ

ಪ್ರತಿ ಗುಂಪಿಗೆ ಬೇಕಾಗುವುದು: 4.2 ಮೀಟರ್ ದಪ್ಪ ದಾರ, ನಾಲ್ಕು ಗೂಟ, ಅಳತೆ ಟೇಪು, ಪೆನ್ಸಿಲ್, ರಟ್ಟಿಗೆ ಸಿಕ್ಕಿಸಿದ ಹಾಳೆ. ಸಾಧ್ಯವಾದರೆ ಒಂದು ಭೂತಗನ್ನಡಿ.

1. ದಾರಕ್ಕೆ ಪ್ರತಿ ಒಂದು ಮೀಟರಿಗೆ ಒಂದು ಗಂಟು ಹಾಕಿ, ಕೊನೆಯ 20 ಸೆಂಟಿಮೀಟರ್‌ನಲ್ಲಿ ತುದಿಗಳನ್ನು ಕಟ್ಟಿ. ಗಂಟುಗಳು ಗೂಟಕ್ಕೆ ಬರಲಿ.

2. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣಗಳು ಸುಮಾರು 141 ಸೆಂಟಿಮೀಟರ್ ಇದ್ದರೆ ಚೌಕ ಸರಿಯಾಗಿದೆ. ಒಂದು ಉದ್ದ, ಇನ್ನೊಂದು ಗಿಡ್ಡ ಬಂದರೆ ಆಕಾರ ವಾಲಿದೆ. ವಾಲಿದ ಚೌಕದ ವಿಸ್ತೀರ್ಣ ಒಂದು ಚದರ ಮೀಟರಿಗಿಂತ ಕಡಿಮೆ, ಹಾಗಾಗಿ ಎಣಿಕೆಯೂ ಕಡಿಮೆ ಬರುತ್ತದೆ.

3. ಚೌಕ ಎಲ್ಲಿ ಇಡಬೇಕು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಆಯ್ದ ಜಾಗದ ಎರಡು ಬದಿಗಳಲ್ಲಿ 10 ಮೀಟರ್ ಟೇಪು ಹಾಸಿ, 0ಯಿಂದ 9ರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಿ, ವಾಪಸ್ ಹಾಕಿ ಇನ್ನೊಂದನ್ನು ಎತ್ತಿ. ಮೊದಲ ಸಂಖ್ಯೆ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ.

4. ಗೆರೆಯ ಮೇಲೇ ಇರುವ ಗಿಡದ ಬಗ್ಗೆ ಜಗಳ ಗ್ಯಾರಂಟಿ. ಎಡ ಮತ್ತು ಮೇಲಿನ ಗೆರೆ ಮುಟ್ಟಿದರೆ ಒಳಗೆ, ಬಲ ಮತ್ತು ಕೆಳಗಿನ ಗೆರೆ ಮುಟ್ಟಿದರೆ ಹೊರಗೆ. ಈ ನಿಯಮವನ್ನು ಮೊದಲೇ ಬರೆಸಿಬಿಡಿ.

5. ಒಂದೊಂದು ಜಾಗಕ್ಕೆ ಕನಿಷ್ಠ ಐದು ಚೌಕ. ಎರಡೂ ಜಾಗಗಳಲ್ಲಿ ಚೌಕಗಳ ಸಂಖ್ಯೆ ಒಂದೇ ಇರಬೇಕು.

ಮೂರನೇ ಹೆಜ್ಜೆಯ ಬದಲು ಚೌಕಟ್ಟನ್ನು ಬೆನ್ನ ಹಿಂದಕ್ಕೆ ಎಸೆಯುವ ರೂಢಿ ಹಲವು ಕಡೆ ಇದೆ. ಅದು ಯಾದೃಚ್ಛಿಕವೂ ಅಲ್ಲ, ಸುರಕ್ಷಿತವೂ ಅಲ್ಲ. ಹೂ ಇರುವ ದಿಕ್ಕಿಗೆ ಬೆನ್ನು ಮಾಡಿ ನಿಂತು ಎಸೆಯುವುದನ್ನು ಮಕ್ಕಳು ಎರಡನೇ ಬಾರಿಗೇ ಕಲಿತುಬಿಡುತ್ತಾರೆ.

ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಎಣಿಸಲು ಹೊರಟರೆ ಪೀರಿಯಡ್ ಅಲ್ಲಿಗೇ ಮುಗಿಯಿತು. ಅಂಥ ಕಡೆ 10 ಸೆಂಟಿಮೀಟರಿಗೆ ಒಂದರಂತೆ ಅಡ್ಡಡ್ಡ, ಉದ್ದುದ್ದ ದಾರ ಎಳೆದರೆ ಚೌಕದೊಳಗೆ 100 ಮನೆಗಳಾಗುತ್ತವೆ. ಹುಲ್ಲು ಅರ್ಧಕ್ಕಿಂತ ಹೆಚ್ಚು ತುಂಬಿರುವ ಮನೆಗಳನ್ನು ಎಣಿಸಿದರೆ ಅದೇ ಶೇಕಡಾವಾರು ಹೊದಿಕೆ. ಬಿಡಿ ಗಿಡಗಳ ಎಣಿಕೆ ಒಂದು ಕಲಮಿನಲ್ಲಿ, ಹೊದಿಕೆ ಇನ್ನೊಂದು ಕಲಮಿನಲ್ಲಿ ಇರಲಿ. ಎರಡನ್ನೂ ಕೂಡಿಸಬಾರದು.

ಹೆಸರಿನ ಗೊಡವೆ ಈಗ ಬೇಡ. 'ಇದೇನು ಗಿಡ ಸರ್' ಎಂಬ ಪ್ರಶ್ನೆಗೆ ಉತ್ತರಿಸುತ್ತ ಹೋದರೆ ಮಕ್ಕಳು ಗಿಡ ನೋಡುವುದನ್ನು ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ಬಗೆ 1, ಬಗೆ 2 ಎಂದು ಕರೆದು, ಎಲೆಯ ಅಂಚು, ನರಗಳು, ಕಾಂಡದ ರೋಮ, ಎಲೆಗಳು ಎದುರುಬದುರು ಇವೆಯೋ ಒಂದಾದ ಮೇಲೊಂದು ಇವೆಯೋ ಎಂದು ಬರೆದುಕೊಳ್ಳಲಿ. ತೊಡಕು ಬರುವುದು ಎರಡು ಕಡೆ. ಒಂದೇ ಗಿಡದ ಎಳೆಯ ಸಸಿಯ ಎಲೆಗೂ ಬಲಿತ ಎಲೆಗೂ ಆಕಾರ ಬೇರೆ ಇದ್ದು ಎರಡು ಬಗೆ ಎಂದು ಲೆಕ್ಕಕ್ಕೆ ಬರುತ್ತದೆ. ಒಂದು ಗುಂಪಿನ ಬಗೆ 3 ಇನ್ನೊಂದು ಗುಂಪಿನ ಬಗೆ 7 ಆಗಿರುತ್ತದೆ. ಎರಡಕ್ಕೂ ಮದ್ದು ಒಂದೇ: ಇಡೀ ತರಗತಿಗೆ ಒಂದು ಮಾದರಿ ಹಾಳೆ. ಹೊಸ ಬಗೆ ಕಂಡವರು ಮೊದಲು ಅಲ್ಲಿ ನೋಡಿ, ಇಲ್ಲದಿದ್ದರೆ ಮಾತ್ರ ಒಂದು ಎಲೆಯನ್ನು ಅಂಟಿಸಿ ಹೊಸ ಸಂಖ್ಯೆ ಕೊಡಬೇಕು.

ತರಗತಿಗೆ ಮರಳಿದ ಮೇಲೆ ಒಂದು ಗ್ರಾಫ್ ಬಿಡಿಸಿ. ಅಡ್ಡಕ್ಕೆ ಚೌಕಗಳ ಸಂಖ್ಯೆ, ಮೇಲಕ್ಕೆ ಅಲ್ಲಿಯವರೆಗೆ ಸಿಕ್ಕ ಒಟ್ಟು ಬಗೆಗಳು. ಗೆರೆ ಮೊದಲು ಜೋರಾಗಿ ಏರಿ ಕ್ರಮೇಣ ಮಟ್ಟಸವಾದರೆ ಹುಡುಕಾಟ ಹೆಚ್ಚುಕಡಿಮೆ ಸಾಕು. ಐದನೇ ಚೌಕದಲ್ಲೂ ಏರುತ್ತಲೇ ಇದ್ದರೆ ಇನ್ನೂ ಕಾಣದ ಬಗೆಗಳು ಅಲ್ಲಿವೆ. ವಿಜ್ಞಾನಿಗಳು ಕಾಡಿನಲ್ಲಿ ಎಷ್ಟು ದಿನ ಹುಡುಕಬೇಕೆಂದು ಅಂದಾಜಿಸುವುದಕ್ಕೂ ಇಂಥದೇ ಗೆರೆ ನೆರವಾಗುತ್ತದೆ.

ಗಿಡ ಗುರುತಿಸುವ ಆ್ಯಪ್‌ಗಳನ್ನು ಈ ಹಂತದ ನಂತರವೇ ತೆರೆಯಿರಿ. ಸೀಕ್ ಆ್ಯಪ್‌ಗೆ ಖಾತೆ ಬೇಕಿಲ್ಲ, ಹಾಗಾಗಿ ಈ ವಯಸ್ಸಿನವರಿಗೆ ಅನುಕೂಲ. ಅದು ಹೇಳುವ ಹೆಸರು ಒಂದು ಊಹೆ. ಮಕ್ಕಳು ಬರೆದಿಟ್ಟ ಲಕ್ಷಣಗಳ ಜೊತೆ ಅದು ಹೊಂದುತ್ತದೆಯೇ ಎಂದು ನೋಡುವುದೇ ನಿಜವಾದ ಅಭ್ಯಾಸ.

ನಾಲ್ಕು ಬಗೆ ಇದ್ದರೂ ವೈವಿಧ್ಯ ಒಂದೇ ಅಲ್ಲ

ಬಗೆಗಳ ಸಂಖ್ಯೆಯಷ್ಟೇ ವೈವಿಧ್ಯವಲ್ಲ ಎಂಬುದು ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಎರಡು ಬಟ್ಟೆಚೀಲ, 40 ಮಣಿ ಇದ್ದರೆ ಹತ್ತುತ್ತದೆ. ಮೊದಲ ಚೀಲಕ್ಕೆ ನಾಲ್ಕು ಬಣ್ಣದ ಮಣಿಗಳನ್ನು ಐದೈದರಂತೆ ಹಾಕಿ. ಎರಡನೆಯದಕ್ಕೆ ಒಂದು ಬಣ್ಣದವು 17, ಉಳಿದ ಮೂರು ಬಣ್ಣದವು ಒಂದೊಂದು. ಎರಡರಲ್ಲೂ 20 ಮಣಿ, ಎರಡರಲ್ಲೂ ನಾಲ್ಕು ಬಗೆ.

ಚೀಲದೊಳಗೆ ಕಣ್ಣು ಹಾಯಿಸದೆ ಒಟ್ಟಿಗೆ ಎರಡು ಮಣಿ ತೆಗೆದು, ಬಣ್ಣ ಬೇರೆ ಬೇರೆಯಾಗಿದ್ದರೆ ಒಂದು ಗೀಟು ಹಾಕಿ, ಎರಡನ್ನೂ ವಾಪಸ್ ಹಾಕಿ ಕುಲುಕಬೇಕು. ಒಂದೊಂದು ಗುಂಪು 50 ಸಲ ಮಾಡಲಿ. ಮೊದಲ ಚೀಲದಲ್ಲಿ 50ಕ್ಕೆ 39–40ರ ಆಸುಪಾಸು, ಎರಡನೆಯದರಲ್ಲಿ 14ರ ಆಸುಪಾಸು ಬರುತ್ತದೆ. ಒಂದು ಗುಂಪಿನದು ಆಚೀಚೆ ಆದರೂ ಎಂಟು ಗುಂಪುಗಳ 400 ಸಲದ ಮೊತ್ತ ನಿರೀಕ್ಷೆಗೆ ಚೆನ್ನಾಗಿಯೇ ಹತ್ತಿರವಾಗುತ್ತದೆ. ಮೊದಲ ಮಣಿಯನ್ನು ವಾಪಸ್ ಹಾಕಿ ಎರಡನೆಯದನ್ನು ತೆಗೆದರೆ ಲೆಕ್ಕ ತಪ್ಪುತ್ತದೆ. ಎರಡೂ ಕೈಯಲ್ಲಿರುವಾಗಲೇ ಹೋಲಿಸಬೇಕು.

ಇದಾದ ಮೇಲೆ ಸೂತ್ರ. ಪ್ರತಿ ಬಗೆಯ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಒಟ್ಟು ಸಂಖ್ಯೆಗೂ ಹೀಗೆಯೇ ಮಾಡಿ, ಅದರಿಂದ ಭಾಗಿಸಿ. ಬಂದದ್ದನ್ನು ಒಂದರಿಂದ ಕಳೆಯಿರಿ. ಮೊದಲ ಚೀಲಕ್ಕೆ 5 × 4 = 20, ನಾಲ್ಕು ಬಣ್ಣಕ್ಕೆ 80. 20 × 19 = 380. ಭಾಗಿಸಿದರೆ 0.21, ಒಂದರಿಂದ ಕಳೆದರೆ 0.79. ಎರಡನೆಯದಕ್ಕೆ 17 × 16 = 272, ಒಂದೊಂದೇ ಇರುವ ಬಣ್ಣಗಳಿಂದ ಸೊನ್ನೆ. ಉತ್ತರ 0.28. ಇದು 1949ರಲ್ಲಿ ಎಡ್ವರ್ಡ್ ಸಿಂಪ್ಸನ್ ಮಂಡಿಸಿದ ಅಳತೆಯ ಒಂದು ರೂಪ. ಅಂಗಳದ ಎರಡು ಜಾಗಗಳ ಎಣಿಕೆಯನ್ನು ಈಗ ಇದಕ್ಕೆ ಹಾಕಿ ನೋಡಲಿ. ಬಗೆ ಹೆಚ್ಚಿರುವ ಜಾಗಕ್ಕೆ ಕಡಿಮೆ ಅಂಕ ಬಂದು ಮಕ್ಕಳು ತಬ್ಬಿಬ್ಬಾದರೆ ಒಳ್ಳೆಯದೇ. ಅಲ್ಲಿ ಒಂದೇ ಕಳೆ ಜಾಗವನ್ನೆಲ್ಲ ಆವರಿಸಿಕೊಂಡಿದೆಯೇ ಎಂದು ಹೋಗಿ ನೋಡಿಬರಲಿ.

ಕಣ್ಣಿಗೆ ಬೀಳದವುಗಳನ್ನು ಎಣಿಸುವುದು

ಕೆರೆಯ ಮೀನುಗಳನ್ನು ಒಂದೊಂದಾಗಿ ಎಣಿಸಲು ಆಗದು. ಡೆನ್ಮಾರ್ಕ್‌ನ ಪೀಟರ್ಸನ್ 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಟ್ಟ ವಿಧಾನವನ್ನೇ ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ಅಂದಾಜಿಗೆ ಬಳಸಿದರು. ತರಗತಿಯಲ್ಲಿ ಇದಕ್ಕೆ ಒಂದು ಡಬ್ಬಿ ಬಿಳಿ ಕಾಳು ಸಾಕು.

ಎಣಿಸದೆ ಎರಡು ಮುಷ್ಟಿ ಕಾಳು ಡಬ್ಬಿಗೆ ಹಾಕಿ, 200ರ ಸುತ್ತಮುತ್ತ ಇದ್ದರೆ ಒಳ್ಳೆಯದು. 40 ಕಾಳು ತೆಗೆದು ಮಾರ್ಕರ್‌ನಿಂದ ಎರಡೂ ಬದಿಗೆ ಚುಕ್ಕೆ ಇಟ್ಟು ವಾಪಸ್ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ. ಕಣ್ಣು ಮುಚ್ಚಿ ಮತ್ತೆ 40 ತೆಗೆಯಿರಿ. ಅದರಲ್ಲಿ 8 ಗುರುತಿನವು ಇದ್ದವು ಎನ್ನಿ. ಮೊದಲ ಸಲ ಗುರುತು ಹಾಕಿದ್ದು ಗುಣಿಸು ಎರಡನೇ ಸಲ ತೆಗೆದದ್ದು, ಭಾಗಿಸು ಗುರುತಿನೊಂದಿಗೆ ಮರಳಿ ಸಿಕ್ಕದ್ದು. 40 × 40 ÷ 8 = 200. ಐದು ಸಲ ಮಾಡಿ ಸರಾಸರಿ ತೆಗೆದು, ಕೊನೆಗೆ ಕಾಳುಗಳನ್ನು ನಿಜವಾಗಿ ಎಣಿಸಿ.

ಒಂದು ಬದಿಗೆ ಮಾತ್ರ ಚುಕ್ಕೆ ಇಟ್ಟರೆ ಅರ್ಧದಷ್ಟು ಗುರುತುಗಳು ಎಣಿಸುವವರ ಕಣ್ಣು ತಪ್ಪುತ್ತವೆ, ಅಂದಾಜು ವಿಪರೀತ ಏರುತ್ತದೆ. ದಪ್ಪ ಬಣ್ಣ ಬಳಿದರೆ ಬೆರಳಿಗೆ ತಿಳಿಯುತ್ತದೆ, ಗುರುತಿನವೇ ಹೆಚ್ಚು ಬಂದು ಅಂದಾಜು ಇಳಿಯುತ್ತದೆ. ಎರಡನೇ ಸಲ 10–15 ಕಾಳು ಮಾತ್ರ ತೆಗೆದರೆ ಗುರುತಿನದು ಒಂದೂ ಬಾರದೆ ಸೊನ್ನೆಯಿಂದ ಭಾಗಿಸುವ ಪೇಚು ಎದುರಾಗಬಹುದು.

ಈ ತಪ್ಪುಗಳನ್ನು ಸರಿಪಡಿಸಿ ಮುಗಿಸಿಬಿಡಬೇಡಿ, ಬೇಕೆಂದೇ ಮಾಡಿಸಿ. ಗುರುತಿನ ಕಾಳುಗಳಲ್ಲಿ ಹತ್ತರ ಬದಲಿಗೆ ಗುರುತಿಲ್ಲದವನ್ನು ಹಾಕಿ, ಹಕ್ಕಿಯ ಕಾಲಿನ ಬಳೆ ಕಳಚಿ ಬಿದ್ದಿದೆ ಎಂದು ಹೇಳಿ. ಗುರುತಿಲ್ಲದ 30 ಹೊಸ ಕಾಳು ಸೇರಿಸಿ, ಮರಿಗಳು ಹುಟ್ಟಿವೆ ಎನ್ನಿ. ಒಮ್ಮೆ ಬೋನಿಗೆ ಬಿದ್ದ ಪ್ರಾಣಿ ಮತ್ತೆ ಅದರ ಹತ್ತಿರ ಸುಳಿಯದಿದ್ದರೆ ಅಂದಾಜು ಏರುತ್ತದೆಯೋ ಇಳಿಯುತ್ತದೆಯೋ ಎಂದು ಮೊದಲು ಊಹಿಸಿ ಬರೆಯಲಿ. (ಏರುತ್ತದೆ, ಏಕೆಂದರೆ ಮರಳಿ ಸಿಗುವ ಗುರುತುಗಳು ಕಡಿಮೆಯಾಗುತ್ತವೆ.) ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ, ಹಾಗಾಗಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ) ಗಣತಿಯಲ್ಲಿ ಯಾರೂ ಗುರುತು ಹಾಕಬೇಕಿಲ್ಲ ಎಂಬ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ.

ತರಗೆಲೆಯ ಅಡಿಯಲ್ಲಿ

ಒಂದು ಹಿಡಿ ತರಗೆಲೆಯಲ್ಲಿ ಏನೂ ಇಲ್ಲ ಎಂದು ಖಂಡಿತವಾಗಿ ಹೇಳುವ ಮಕ್ಕಳಿಗೆ ಈ ಸಾಧನ. ಇಟಲಿಯ ಬರ್ಲೀಸ್ 1905ರಲ್ಲಿ ಬಿಸಿನೀರಿನ ಶಾಖದಿಂದ ಮಾಡಿದ್ದನ್ನು ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ವಿದ್ಯುತ್ ಬಲ್ಬಿಗೆ ಬದಲಾಯಿಸಿದರು. ತತ್ವ ಸರಳ: ಮೇಲಿನಿಂದ ಒಣಗುತ್ತ ಬಂದ ಎಲೆಗಳಿಂದ ಜೀವಿಗಳು ತೇವ ಮತ್ತು ಕತ್ತಲು ಹುಡುಕಿ ಕೆಳಗಿಳಿಯುತ್ತವೆ.

ಎರಡು ಲೀಟರ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗವನ್ನು ಕತ್ತರಿಸಿ (ಕತ್ತರಿಸುವ ಕೆಲಸ ಶಿಕ್ಷಕರದು), ಮುಚ್ಚಳ ತೆಗೆದು, ತಲೆಕೆಳಗಾಗಿ ಕೆಳಗಿನ ಭಾಗದೊಳಗೆ ಕೂರಿಸಿ. ಆ ಆಲಿಕೆಯ ಒಳಗೆ ಸುಮಾರು 5 ಮಿಲಿಮೀಟರ್ ಕಣ್ಣಿನ ಜಾಲರಿಯನ್ನು ಬಟ್ಟಲಿನಂತೆ ಬಾಗಿಸಿ ಇಡಿ. ತಳಕ್ಕೆ ಒದ್ದೆ ಟಿಶ್ಯೂ ಕಾಗದ, ಹೊರಗೆ ಸುತ್ತಲೂ ಕಪ್ಪು ಕಾಗದ. ಆಲಿಕೆಯನ್ನು ಇನ್ನೊಂದು ಹಾಳೆಯ ಮೇಲೆ ಹಿಡಿದು ತರಗೆಲೆ ತುಂಬಿ ಮೆಲ್ಲಗೆ ತಟ್ಟಿ. ಉದುರುವ ಮಣ್ಣೆಲ್ಲ ಹಾಳೆಗೆ ಬೀಳಲಿ, ಅದನ್ನು ಮತ್ತೆ ಎಲೆಗಳ ಮೇಲೆ ಹಾಕಿ, ಆಮೇಲೆ ಬಾಟಲಿಗೆ ಕೂರಿಸಿ. ಈ ಹೆಜ್ಜೆ ಬಿಟ್ಟರೆ ತಳದಲ್ಲಿ ಸಿಗುವುದು ಮಣ್ಣಿನ ರಾಶಿ, ಅದರಲ್ಲಿ ಒಂದು ಮಿಲಿಮೀಟರಿನ ಜೀವಿಯನ್ನು ಹುಡುಕಲು ಆಗದು.

ಎಲೆಯ ಮೇಲೆ 10–15 ಸೆಂಟಿಮೀಟರ್ ಎತ್ತರದಲ್ಲಿ 40 ವ್ಯಾಟ್‌ನ ಹಳೆಯ ತಂತಿ ಬಲ್ಬು. ಎಲ್‌ಇಡಿ ಸಾಕಷ್ಟು ಬಿಸಿ ಕೊಡುವುದಿಲ್ಲ. ಇನ್ನೂ ಹತ್ತಿರ ತಂದರೆ ಎಲೆಗಳು ಬೇಗ ಒಣಗಿ, ನಿಧಾನಕ್ಕೆ ಚಲಿಸುವ ಜೀವಿಗಳು ಇಳಿಯುವ ಮುಂಚೆಯೇ ಸಾಯುತ್ತವೆ, ಬೆಂಕಿಯ ಅಪಾಯವೂ ಇದೆ. ಶಾಲೆ ಮುಚ್ಚುವಾಗ ಬಲ್ಬು ಆರಿಸಿ, ಮರುದಿನ ಮತ್ತೆ ಹಚ್ಚಿ. ಎರಡು ದಿನ ಬೇಕಾಗುತ್ತದೆ. ಮಳೆ ಬಂದ ಮರುದಿನದ ಎಲೆ ತಂದರೆ ಬಾಟಲಿಯ ಒಳಗೋಡೆಯಲ್ಲಿ ಹನಿಗಟ್ಟಿ ಸಣ್ಣ ಜೀವಿಗಳು ಅಲ್ಲೇ ಅಂಟಿಕೊಳ್ಳುತ್ತವೆ.

ಇಲ್ಲೂ ಎರಡು ಜಾಗ: ಮರದ ಬುಡದ್ದೊಂದು, ದಿನವೂ ಗುಡಿಸುವ ಕಡೆಯದ್ದೊಂದು. ಎರಡೂ ಅಳೆದು ಒಂದೊಂದು ಲೀಟರ್. ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡುವಾಗ ಕಾಲು ಎಣಿಸುವುದೇ ವಿಂಗಡಣೆಯ ಮೊದಲ ಪ್ರಶ್ನೆ. ಎಂಟು ಕಾಲಿದ್ದರೆ ನುಸಿ, ಜೇಡ, ಕೊಂಡಿಯಿಲ್ಲದ ಪುಟಾಣಿ ಹುಸಿಚೇಳು. ಆರು ಕಾಲಿನದು ಮುಟ್ಟಿದೊಡನೆ ಚಿಮ್ಮಿದರೆ ಹೆಚ್ಚಾಗಿ ಸ್ಪ್ರಿಂಗ್‌ಟೇಲ್, ಅದರ ಹೊಟ್ಟೆಯಡಿಯ ಕವಲುಕಡ್ಡಿಯೇ ಅದರ ಸ್ಪ್ರಿಂಗು. ಕಾಲು ತುಂಬಾ ಇದ್ದರೆ ದೇಹದ ಒಂದೊಂದು ಖಂಡಕ್ಕೆ ಒಂದು ಜೊತೆಯೋ ಎರಡು ಜೊತೆಯೋ ನೋಡಿ: ಒಂದು ಜೊತೆ ಶತಪದಿ, ಎರಡು ಜೊತೆ ಸಹಸ್ರಪದಿ. ಶತಪದಿ ಕಚ್ಚುತ್ತದೆ, ಬ್ರಷ್‌ನಿಂದಲೇ ಸರಿಸಬೇಕು. ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ತಂದ ಜಾಗದಲ್ಲೇ ಬಿಡಿ.

ದಾರದ ಆಹಾರಜಾಲ, ಮತ್ತು ಅದರ ಒಂದು ದೋಷ

ವೃತ್ತಾಕಾರದಲ್ಲಿ ಕೂರಿಸಿ ದಾರದ ಉಂಡೆಯನ್ನು ಒಬ್ಬರಿಂದೊಬ್ಬರಿಗೆ ಎಸೆಸುವ ಆಟ ಎಲ್ಲರಿಗೂ ಗೊತ್ತು. ಒಂದೇ ಉಂಡೆಯಿಂದ ಆಗುವುದು ಸಿಕ್ಕುಸಿಕ್ಕಾದ ಒಂದೇ ಎಳೆ, ಜಾಲವಲ್ಲ. ಒಂದೊಂದು ಸಂಬಂಧಕ್ಕೆ ಮೂರು ಮೀಟರಿನ ಒಂದೊಂದು ತುಂಡು ಕತ್ತರಿಸಿ, ತಿನ್ನುವ ಜೀವಿ ಹಿಡಿಯುವ ತುದಿಗೆ ಕೆಂಪು ಟೇಪು ಸುತ್ತಿ. ಬಾಣ ತಿನ್ನುವವರ ಕಡೆಗೆ, ಅಂದರೆ ಶಕ್ತಿ ಹರಿಯುವ ಕಡೆಗೆ ಎಂಬ ಗೊಂದಲ ಇದರಿಂದಲೇ ತೀರುತ್ತದೆ. ಕಾರ್ಡುಗಳೆಲ್ಲ ಒಂದೇ ಆವಾಸದವಾಗಿರಲಿ. ಹಿಮಕರಡಿ, ಕಾಂಗರೂ, ಸಿಂಹ ಒಂದೇ ಜಾಲದಲ್ಲಿ ಬಂದರೆ ಪಾಠ ಕೆಟ್ಟಂತೆ.

ನಿಯಮ: ಒಂದು ಜೀವಿ ನಾಶವಾದರೆ ಅದು ಎಲ್ಲ ದಾರ ಬಿಡುತ್ತದೆ. ಆಹಾರದ ದಾರ ಒಂದೂ ಉಳಿಯದ ಜೀವಿಯೂ ಬಿಡಬೇಕು. ಪಾಚಿಯನ್ನೋ ಹುಲ್ಲನ್ನೋ ತೆಗೆದರೆ ಸಾಲುಸಾಲಾಗಿ ದಾರಗಳು ಬೀಳುತ್ತವೆ. ಆದರೆ ತುದಿಯ ಬೇಟೆಗಾರನನ್ನು ತೆಗೆದರೆ? ಯಾರೂ ಬೀಳುವುದಿಲ್ಲ. ಮಕ್ಕಳು ಚುರುಕಾಗಿದ್ದರೆ 'ಹಾಗಾದರೆ ಅದು ಇಲ್ಲದಿದ್ದರೂ ನಡೆಯುತ್ತದೆ' ಎಂದೇ ಹೇಳುತ್ತಾರೆ. ಆಟದ ದೋಷ ಇದೇ: ಇದು ಕೆಳಗಿನಿಂದ ಮೇಲಕ್ಕೆ ಬೀಳುವ ಪೆಟ್ಟನ್ನು ಮಾತ್ರ ತೋರಿಸುತ್ತದೆ.

ಅಲ್ಲಿಗೆ ಬಿಡದೆ ಎರಡನೇ ಆಟ ಆಡಿಸಿ. ನೆಲದ ಮೇಲೆ 20 ಮನೆ ಬರೆದು ಐದು ಬಗೆಯ ಬಿಲ್ಲೆಗಳನ್ನು ನಾಲ್ಕು ನಾಲ್ಕರಂತೆ ಇಡಿ. ಒಂದು ಬಗೆ ಮಸ್ಸೆಲ್ ಎಂಬ ಚಿಪ್ಪುಜೀವಿ. ಪ್ರತಿ ಸರದಿಯಲ್ಲೂ ಅದು ಬೇರೆಯವರ ಎರಡು ಮನೆ ಕಬಳಿಸುತ್ತದೆ. ನಕ್ಷತ್ರಮೀನು ಆಡುವ ಮಗು ಪ್ರತಿ ಸರದಿಗೆ ಎರಡು ಮಸ್ಸೆಲ್ ಎತ್ತಿ, ಖಾಲಿಯಾದ ಮನೆಗಳನ್ನು ಕಡಿಮೆ ಇರುವ ಬಗೆಗಳಿಗೆ ಕೊಡುತ್ತದೆ. ಐದೂ ಬಗೆ ಉಳಿಯುತ್ತವೆ. ನಕ್ಷತ್ರಮೀನನ್ನು ಆಟದಿಂದ ಹೊರಗೆ ಕಳಿಸಿ ನೋಡಿ, ಎಂಟು ಸರದಿಗೆ ಮಸ್ಸೆಲ್ ಬಿಟ್ಟು ಬೇರೇನೂ ಇರುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಂಡೆಗಲ್ಲಿನ ತೀರದಲ್ಲಿ ರಾಬರ್ಟ್ ಪೇಯ್ನ್ ಮಾಡಿದ್ದೂ ಇದನ್ನೇ. ನಕ್ಷತ್ರಮೀನುಗಳನ್ನು ಕಿತ್ತು ಎಸೆದ ಜಾಗದಲ್ಲಿ 15 ಪ್ರಭೇದಗಳು 8ಕ್ಕೆ ಇಳಿದವೆಂದು 1966ರಲ್ಲಿ ವರದಿ ಮಾಡಿದರು. 'ಕೀಸ್ಟೋನ್ ಪ್ರಭೇದ' (ತನ್ನ ಸಂಖ್ಯೆಗೆ ಮೀರಿ ಉಳಿದ ಜೀವಿಗಳ ಮೇಲೆ ಪ್ರಭಾವ ಬೀರುವ ಜೀವಿ) ಎಂಬ ಮಾತು ಅವರಿಂದಲೇ 1969ರಲ್ಲಿ ಬಂತು.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ತೋಳಗಳ ಕಥೆಯನ್ನೂ ಇಲ್ಲಿ ಹೇಳುವವರಿದ್ದಾರೆ. 1995–96ರಲ್ಲಿ ಅಲ್ಲಿಗೆ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟದ್ದು ನಿಜ. ಆದರೆ ತೋಳಗಳಿಂದ ನದಿಯ ದಿಕ್ಕೇ ಬದಲಾಯಿತು ಎಂಬುದನ್ನು ವಿಜ್ಞಾನಿಗಳು ಒಮ್ಮತದಿಂದ ಒಪ್ಪಿಲ್ಲ. ಅಷ್ಟನ್ನು ಸೇರಿಸಿಯೇ ಹೇಳಿ.

ಕಾಡು ಅಷ್ಟೇ ಇದೆ, ಒಳಗಾಡು ಎಲ್ಲಿ?

ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲ್ ಸಾಕು, ಒಂದು ಪೀರಿಯಡ್‌ಗೆ ಮುಗಿಯುತ್ತದೆ. ಒಂದು ಸೆಂಟಿಮೀಟರ್ ಎಂದರೆ 100 ಮೀಟರ್. 10 ಸೆಂಟಿಮೀಟರ್ ಚೌಕ ಬರೆದರೆ ಅದು 100 ಹೆಕ್ಟೇರ್ ಕಾಡು. ಅಂಚಿನಿಂದ 100 ಮೀಟರ್ ಒಳಗಿನವರೆಗೆ ಬಿಸಿಲು, ಗಾಳಿ, ಸದ್ದು ನುಗ್ಗುತ್ತವೆ ಎಂದಿಟ್ಟುಕೊಂಡು ಸುತ್ತಲೂ ಒಂದು ಸೆಂಟಿಮೀಟರ್ ಪಟ್ಟಿಗೆ ಬಣ್ಣ ಹಾಕಲಿ. ಉಳಿದ ಒಳಗಾಡು 8 × 8, ಅಂದರೆ 64 ಹೆಕ್ಟೇರ್.

ಈಗ ನಡುವೆ ಒಂದು ರಸ್ತೆ. ರಸ್ತೆಗೆ ಹೋದ ಜಾಗವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆದರೂ ಎರಡೂ ಬದಿಗೆ ಹೊಸ ಅಂಚು ಹುಟ್ಟಿ ಒಳಗಾಡು 48ಕ್ಕೆ ಇಳಿಯುತ್ತದೆ. ಅಡ್ಡಕ್ಕೆ ಇನ್ನೊಂದು ರಸ್ತೆ ಹಾಕಿ ನಾಲ್ಕು ತುಂಡು ಮಾಡಿದರೆ 36. ಹದಿನಾರು ತುಂಡಾದರೆ ಬರೀ 4. ಇಪ್ಪತ್ತೈದು ತುಂಡು ಮಾಡಿದರೆ ಒಂದೊಂದೂ 200 ಮೀಟರ್ ಅಗಲ, ಎರಡೂ ಕಡೆಯ ಅಂಚುಗಳು ನಡುವೆ ಸೇರಿ ಒಳಗಾಡು ಸೊನ್ನೆ. ಒಂದು ಮರವನ್ನೂ ಲೆಕ್ಕದಿಂದ ಕಳೆದಿಲ್ಲ, ಕಾಡು ಇನ್ನೂ 100 ಹೆಕ್ಟೇರ್ ಇದೆ. ಹದಿನಾರು ತುಂಡಿನ ಲೆಕ್ಕದಲ್ಲಿ ಬದಿ ಎರಡೂವರೆ ಸೆಂಟಿಮೀಟರ್ ಆಗುವುದರಿಂದ ಆರನೇ ತರಗತಿಯವರು ಎಡವುತ್ತಾರೆ, ಅವರಿಗೆ ನಾಲ್ಕು ತುಂಡಾದ ಮೇಲೆ ನೇರ ಇಪ್ಪತ್ತೈದಕ್ಕೆ ಹೋಗಿ.

ಕೆಂಪು ಪಟ್ಟಿಯ ಕಾರ್ಡುಗಳು

ಎಂಟನೇ ತರಗತಿಗೆ ಇದು ಹಿಡಿಸುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆ ಐಯುಸಿಎನ್ 1964ರಿಂದ ನಡೆಸುತ್ತಿರುವ, ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಎಂದು ಹೇಳುವ ಕೆಂಪು ಪಟ್ಟಿಯ ಮಾನದಂಡಗಳಲ್ಲಿ ಎರಡನ್ನಷ್ಟೇ ಹಲಗೆಯ ಮೇಲೆ ಬರೆಯಿರಿ. ಬೆಳೆದ ಜೀವಿಗಳು 50ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪಾಯ, 250ಕ್ಕಿಂತ ಕಡಿಮೆಯಾದರೆ ಅಪಾಯ, 1,000ಕ್ಕಿಂತ ಕಡಿಮೆಯಾದರೆ ದುರ್ಬಲ. ಅಥವಾ ಹತ್ತು ವರ್ಷ ಇಲ್ಲವೇ ಮೂರು ತಲೆಮಾರು, ಇವೆರಡರಲ್ಲಿ ದೀರ್ಘವಾದ ಅವಧಿಯಲ್ಲಿ, ಕ್ರಮವಾಗಿ ಶೇ 80, ಶೇ 50, ಶೇ 30ರಷ್ಟು ಕುಸಿತ. ಕುಸಿತದ ಕಾರಣ ಈಗಾಗಲೇ ನಿಂತಿದ್ದರೆ ಅಂಕಿಗಳು ಬೇರೆ, ಅದನ್ನು ಇಲ್ಲಿ ಬಿಡಬಹುದು. ಕಾಲ್ಪನಿಕ ಜೀವಿಗಳ ಹನ್ನೆರಡು ಕಾರ್ಡು ಮಾಡಿ, ಕೆಲವದರ ಮೇಲೆ ಸಂಖ್ಯೆ ಮಾತ್ರ, ಕೆಲವದರ ಮೇಲೆ ಕುಸಿತವೂ ಇರಲಿ. ಲಕ್ಷಗಟ್ಟಲೆ ಇದ್ದೂ ಮೂರು ತಲೆಮಾರಿಗೆ ಶೇ 85 ಕುಸಿದ ಹಕ್ಕಿಯ ಕಾರ್ಡೊಂದು ಇರಲೇಬೇಕು. ಅದನ್ನು ಎಲ್ಲಿ ಇಡಬೇಕೆಂಬ ವಾದಕ್ಕೇ ಅರ್ಧ ಪೀರಿಯಡ್ ಹೋಗುತ್ತದೆ, ಹೋಗಲಿ ಬಿಡಿ.

ಮೌಲ್ಯಮಾಪನ ಮತ್ತು ದಾಖಲೆ

ವ್ಯಾಖ್ಯಾನ ಬರೆಸಿ ಅಂಕ ಕೊಡುವುದು ಬೇಡ. ಎರಡು ಜಾಗಗಳ ಎಣಿಕೆಯ ಕೋಷ್ಟಕ ಕೊಟ್ಟು ಮೂರು ಪ್ರಶ್ನೆ ಕೇಳಿ: ಯಾವುದು ಹೆಚ್ಚು ವೈವಿಧ್ಯವುಳ್ಳದ್ದು, ಹೇಗೆ ಗೊತ್ತು, ಈ ಎಣಿಕೆಯಲ್ಲಿ ಏನು ತಪ್ಪಿರಬಹುದು. ಮೂರನೆಯದಕ್ಕೇ ಹೆಚ್ಚು ಅಂಕ ಇಡಿ.

ಹಾಳೆಗಳನ್ನು ಜೋಪಾನವಾಗಿಡಿ. ದಿನಾಂಕ, ಗಂಟೆ, ಹವಾಮಾನ, ಚೌಕದ ಚೀಟಿ ಸಂಖ್ಯೆಗಳು, ಟೇಪಿನ ಸೊನ್ನೆ ಯಾವ ಮೂಲೆಯಲ್ಲಿತ್ತು ಎಂಬುದು ಪ್ರತಿ ಹಾಳೆಯ ಮೇಲೂ ಇರಬೇಕು. ಮುಂದಿನ ವರ್ಷದ ತಂಡ ಅದೇ ತಿಂಗಳಲ್ಲಿ ಅದೇ ಮೂಲೆಯಿಂದ ಅಳೆದರಷ್ಟೇ ಎರಡು ವರ್ಷಗಳ ಎಣಿಕೆಯನ್ನು ಪಕ್ಕಪಕ್ಕ ಇಡಬಹುದು. ಮಳೆಗಾಲದ ಎಣಿಕೆಯನ್ನು ಬೇಸಿಗೆಯದರ ಜೊತೆ ಹೋಲಿಸಿದರೆ ಕಾಣುವುದು ಋತುವಿನ ವ್ಯತ್ಯಾಸವೇ ಹೊರತು ವರ್ಷದ್ದಲ್ಲ.